ಪೃಚ್ಛಕನಿಲ್ಲದ ಸಭೆ

ಕನ್ನಡ ಎಂ.ಎ. ಮಾಡಿ ಕಾಲೇಜು ಸೇರಿದವನಿಗೆ ಪಾಠ ಹೇಳುವುದರ ಜೊತೆಗೆ ಮೂರು ಕೆಲಸಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ. ನವೆಂಬರಿನಲ್ಲಿ ರಾಜ್ಯೋತ್ಸವದ ಭಾಷಣ, ವರ್ಷವಿಡೀ ಆಹ್ವಾನಪತ್ರಿಕೆಗಳ ಕಾಗುಣಿತ ತಿದ್ದುವುದು, ವಾರ್ಷಿಕೋತ್ಸವಕ್ಕೆ ನಾಟಕವಾಡಿಸುವುದು. ಮೊದಲೆರಡರಿಂದ ಯಾರಿಗೂ ಅಪಾಯವಿಲ್ಲ. ಮೂರನೆಯದರಿಂದ ಈ ಸಲ ಒಬ್ಬ ಹುಡುಗನ ಕಾಲು ಉಳುಕಿತು. ಇನ್ನೊಬ್ಬನ ಮನಸ್ಸು ನೊಂದಿತು. ಎರಡಕ್ಕೂ ಕಾರಣನಾದವನು ನಾನು. ಆ ಸಂಗತಿಯನ್ನು ಹೇಳಿಬಿಟ್ಟರೆ ಸ್ವಲ್ಪ ಹಗುರಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾವು ಎತ್ತಿಕೊಂಡಿದ್ದುದು ರನ್ನನ ಗದಾಯುದ್ಧದ ಕಥೆಯನ್ನು. ಯುದ್ಧವೆಲ್ಲ ಮುಗಿದು, ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದ ಮೇಲೆ ಭೀಮ ಗರ್ಜಿಸುತ್ತಾನೆ. ಅದನ್ನು ಕೇಳಿ ದುರ್ಯೋಧನ ನೀರಿನೊಳಗಿದ್ದೂ ಬೆವರಿದನೆಂಬಲ್ಲಿಗೆ ಬಂದಾಗ ತರಗತಿಯ ಕೊನೆಯ ಬೆಂಚಿನವರೂ ಒಮ್ಮೆ ತಲೆಯೆತ್ತುತ್ತಾರೆ. ಅದನ್ನು ರಂಗದ ಮೇಲೆ ಕಾಣಬೇಕೆಂಬುದು ನನ್ನ ಹತ್ತು ವರ್ಷದ ಆಸೆ. ನಮ್ಮ ಸಭಾಂಗಣದ ರಂಗದ ನಡುವೆ, ಯಾವ ಪುಣ್ಯಾತ್ಮರು ಕಟ್ಟಿಸಿದರೋ, ನಾಲ್ಕು ಅಡಿ ಚೌಕದ ಒಂದು ನೆಲಬಾಗಿಲಿದೆ. ಅದರ ಮುಚ್ಚಳವನ್ನು ಪಕ್ಕಕ್ಕೆ ಜಾರಿಸಿದರೆ ಕೆಳಗೆ ಏಳು ಅಡಿ ಆಳದ ಕೋಣೆ. ಅಲ್ಲಿಂದ ಹಲಗೆಯೊಂದನ್ನು ಕೈಯಿಂದ ತಿರುವಿ ಮೇಲಕ್ಕೆತ್ತಬಹುದು. ಇಬ್ಬರು ತಿರುವುವವರು, ಒಬ್ಬ ಮುಚ್ಚಳ ಸರಿಸುವವನು, ಹಲಗೆಯ ಮೇಲೆ ಗದೆ ಹಿಡಿದ ದುರ್ಯೋಧನ. ಮೇಲೆ, ಅದೇ ಮುಚ್ಚಳದ ಮೇಲೆ, ಕುಣಿದಾಡುವ ಭೀಮ. ಅವನು ಮೂರು ಹೆಜ್ಜೆ ಹಿಂದೆ ಸರಿದ ಮೇಲೆಯೇ ಮುಚ್ಚಳ ತೆರೆಯಬೇಕು. ಒಂದು ಕ್ಷಣ ಮೊದಲು ತೆರೆದರೆ ಭೀಮನೇ ಸರೋವರದ ಪಾಲು.

ಸಭಾಂಗಣದ ಹಿಂಬದಿಯಲ್ಲಿ ಮೇಜಿನ ಮುಂದೆ ಕುಳಿತ ನನಗೆ ಭೀಮ ಕಾಣಿಸುತ್ತಾನೆ, ಕೆಳಗಿನವರಿಗೆ ಕಾಣಿಸುವುದಿಲ್ಲ. ಆದ್ದರಿಂದ ನನ್ನ ಮಾತು ಅವರ ಕಿವಿಗೆ ತಲುಪಲೇಬೇಕು. ಸಮಸ್ಯೆ ಇಷ್ಟೇ. ಆದರೆ ಈ ಇಷ್ಟೇ ಸಮಸ್ಯೆಗಾಗಿ ಮನುಷ್ಯ ಪಟ್ಟ ಪಾಡು ಸಣ್ಣದಲ್ಲ.

ನನ್ನ ಸೋದರಮಾವನವರು ಯೌವನದಲ್ಲಿ ಊರೂರು ತಿರುಗುವ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರು. ಅಲ್ಲಿ ಸಂಜ್ಞೆಗೆ ಒಂದು ಹಗ್ಗ. ಪಕ್ಕದಲ್ಲಿ ನಿಂತ ಮ್ಯಾನೇಜರು ಒಮ್ಮೆ ಜಗ್ಗಿದರೆ ಸಿದ್ಧನಾಗು. ಎರಡು ಬಾರಿ ಜಗ್ಗಿದರೆ ಎಳೆ. "ಒಮ್ಮೆ ಅವರು ಜಗ್ಗಿದರೆ ತಿರುಗಿ ನಾವೂ ಒಮ್ಮೆ ಜಗ್ಗಬೇಕು, ಇದ್ದೇವೆ ಅಂತ. ಜಗ್ಗದಿದ್ದರೆ ಅವರು ಎರಡನೆಯದು ಜಗ್ಗುತ್ತಲೇ ಇರಲಿಲ್ಲ" ಎಂದು ಮಾವ ಹೇಳುತ್ತಿದ್ದರು. ನಾನು ಈ ಮಾತನ್ನು ಹಳೆಯ ಕಾಲದ ಸೊಗಸೆಂದು ಕೇಳಿ ಮರೆತಿದ್ದೆ.

ಹಗ್ಗದ ಕಾಲ ಹೋಗಿ ತಂತಿಯ ಕಾಲ ಬಂತು. ೧೯೬೮ರಲ್ಲಿ ಅಮೆರಿಕದ ಸ್ಯಾನ್‌ ಫ್ರಾನ್ಸಿಸ್ಕೋ ಕಡೆಯಲ್ಲಿ ಕ್ಲಿಯರ್‌-ಕಾಂ ಎಂಬ ಸಂಸ್ಥೆ, ರಾಕ್‌ ಸಂಗೀತದ ಅಬ್ಬರದ ನಡುವೆಯೂ ದೀಪದವನ ಮಾತು ಧ್ವನಿಯವನಿಗೆ ಕೇಳಿಸುವಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೆಟ್ಟಿಗೆಗಳನ್ನು ಮಾಡತೊಡಗಿತು. ಒಂದೇ ತಂತಿಯಲ್ಲಿ ವಿದ್ಯುತ್ತೂ ಮಾತೂ ಹರಿಯುತ್ತವೆ. ತಂತಿಗೆ ಸೇರಿಕೊಂಡವರೆಲ್ಲ ಎಲ್ಲರ ಮಾತನ್ನೂ ಕೇಳುತ್ತಾರೆ. ಅವಿಭಕ್ತ ಕುಟುಂಬದ ಪಡಸಾಲೆಯೆಂದರೆ ಸರಿ: ಗುಟ್ಟೆಂಬುದಿಲ್ಲ, ಆದರೆ ಕರೆದರೆ ಯಾರಾದರೂ ಓಗೊಡುತ್ತಾರೆ. ಇಂದಿಗೂ ಎಷ್ಟೋ ರಂಗಮಂದಿರಗಳಲ್ಲಿ ಅಂಥವೇ ಇವೆ. ನಮಗೆ ಬಾಡಿಗೆಗೆ ಸಿಕ್ಕಿದ್ದು ಮಾತ್ರ ಅದರ ಮೊಮ್ಮಗ, ಡಿಜಿಟಲ್‌ ಇಂಟರ್‌ಕಾಂ. ಇದರಲ್ಲಿ ಮಾತು ಚೂರುಚೂರಾಗಿ ಒಡೆದು, ಒಂದೊಂದು ಚೂರೂ ತಲೆಯ ಮೇಲೆ ವಿಳಾಸ ಹೊತ್ತು, ಕಂಪ್ಯೂಟರುಗಳನ್ನು ಜೋಡಿಸುವ ಮಾಮೂಲು ನೆಟ್‌ವರ್ಕ್‌ ತಂತಿಯಲ್ಲಿ ಅಂಚೆಯಂತೆ ಓಡಿ, ಆಚೆ ಕಡೆ ಮತ್ತೆ ಮಾತಾಗಿ ಕೂಡಿಕೊಳ್ಳುತ್ತದೆ.

ಎಂಟು ಪೆಟ್ಟಿಗೆಗಳು ಬಂದವು. ಅವನ್ನು ಜೋಡಿಸುವ ಭಾರವನ್ನು ಕಂಪ್ಯೂಟರ್‌ ವಿಭಾಗದ ಎರಡನೆಯ ವರ್ಷದ ಹುಡುಗನೊಬ್ಬ ಹೊತ್ತ. ಮಾತು ಬಹಳ ಕಡಿಮೆ. ಮೊದಲ ದಿನ ಬಂದು, "ಒಳ್ಳೆಯ ಸ್ವಿಚ್ಚು ಎರಡು ಬೇಕು ಸಾರ್‌. ಒಂದೊಂದಕ್ಕೆ ಹತ್ತು ಸಾವಿರವಾದರೂ ಆಗುತ್ತೆ" ಎಂದ.

"ಹತ್ತು ಸಾವಿರಕ್ಕೆ ಸ್ವಿಚ್ಚೇನಯ್ಯ! ಚಿಕ್ಕಪೇಟೆಯಲ್ಲಿ ಮೂವತ್ತು ರೂಪಾಯಿಗೆ ಸಿಗುತ್ತದೆ" ಎಂದೆ ನಾನು.

ಅವನು ನಗಲಿಲ್ಲ. ಅದೇ ಅವನ ದೊಡ್ಡತನ. ಸ್ವಿಚ್ಚೆಂದರೆ ದೀಪದ ಗುಂಡಿಯಲ್ಲ, ಹಲವು ತಂತಿಗಳು ಕೂಡುವ ಜಂಕ್ಷನ್ನು. ಯಾವ ಚೂರು ಯಾವ ತಂತಿಗೆ ಹೋಗಬೇಕೆಂದು ನಿರ್ಧರಿಸುವ ಸ್ಟೇಷನ್‌ ಮಾಸ್ತರು ಅದೇ ಎಂದು ವಿವರಿಸಿದ. ಅದು ಪೆಟ್ಟಿಗೆಗಳಿಗೆ ತಂತಿಯ ಮೂಲಕವೇ ವಿದ್ಯುತ್ತನ್ನೂ ಉಣಿಸುತ್ತದಂತೆ. ೨೦೦೩ರ ನಿಯಮದಂತೆ ಒಂದು ತಂತಿಗೆ ಹೆಚ್ಚೆಂದರೆ ೧೫.೪ ವ್ಯಾಟ್‌, ತಂತಿಯ ಉದ್ದ ನೂರು ಮೀಟರು ದಾಟಕೂಡದು. ತಂತಿಯ ರಗಳೆ ಏಕೆ, ಗಾಳಿಯಲ್ಲೇ ಕಳಿಸಬಾರದೇ ಎಂದರೆ, "ಆರುನೂರು ಜನ ಬರ್ತಾರೆ ಸಾರ್‌, ಆರುನೂರು ಫೋನು" ಎಂದ. ಕೊನೆಗೆ ಸ್ವಿಚ್ಚುಗಳನ್ನೂ ಬಾಡಿಗೆಗೇ ತಂದೆವು. ಆ ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಎಂಟು ಪೆಟ್ಟಿಗೆಗೂ ಕೈಯಾರೆ ವಿಳಾಸ ಗೊತ್ತುಮಾಡಿ ಬರೆದುಕೊಂಡ. ಇಬ್ಬರಿಗೆ ಒಂದೇ ವಿಳಾಸವಾದರೆ ಅಂಚೆಯವನ ಗತಿಯೇನು? ಆಮೇಲೆ ಸ್ವಿಚ್ಚುಗಳೊಳಗಿನ ಒಂದು ಸೌಲಭ್ಯವನ್ನು ಆರಿಸಿದ. ಕೆಲಸವಿಲ್ಲದ ಕ್ಷಣಗಳಲ್ಲಿ ತಂತಿ ತೂಕಡಿಸಿ ವಿದ್ಯುತ್ತನ್ನು ಉಳಿಸುವ ಏರ್ಪಾಡಂತೆ, ೨೦೧೦ರಲ್ಲಿ ಬಂದದ್ದು. ಉಳಿತಾಯವನ್ನೇಕೆ ನಿಲ್ಲಿಸುತ್ತೀಯೆಂದು ಆಕ್ಷೇಪಿಸಿದೆ. ತೂಕಡಿಸಿದ್ದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಚೂರುಗಳ ಕಾಲದ ಲೆಕ್ಕ ತಪ್ಪಬಹುದೆಂದ. ತೂಕಡಿಸುವವರಿಂದ ಆಗುವ ತೊಂದರೆ ಮೇಷ್ಟರಿಗೆ ತಿಳಿಯದ್ದಲ್ಲ, ಒಪ್ಪಿಕೊಂಡೆ.

ಮೂರು ದಿನ ಎಲ್ಲವೂ ಸೊಗಸಾಗಿ ನಡೆಯಿತು. ನಾನು "ಸ್ಟ್ಯಾಂಡ್‌ಬೈ" ಎಂದರೆ ಸಿದ್ಧರಾಗಬೇಕು, "ಗೋ" ಎಂದರೆ ಮಾಡಿಬಿಡಬೇಕು. ಇವೆರಡನ್ನು ಅಚ್ಚಕನ್ನಡಕ್ಕೆ ತರುವ ಹುಮ್ಮಸ್ಸು ನನಗಿತ್ತು, ಹುಡುಗರು ಬೇಡವೆಂದರು. ಆದರೆ ಇಂಗ್ಲಿಷಿನಲ್ಲೂ ಗಂಡಾಂತರವಿದೆಯೆಂಬುದು ಎರಡನೆಯ ದಿನವೇ ತಿಳಿಯಿತು. ಸುಸ್ತಾಗಿದ್ದ ನಾನು ಹೆಡ್‌ಸೆಟ್ಟಿನಲ್ಲೇ ಆಕಳಿಸಿ "ಗೋವಿಂದಾ" ಎಂದುಬಿಟ್ಟೆ. ಮೊದಲಕ್ಷರ ಕೇಳಿದ ದೀಪದ ಹುಡುಗಿ ಇಡೀ ಕುರುಕ್ಷೇತ್ರವನ್ನು ಕತ್ತಲು ಮಾಡಿದಳು. ಅಂದಿನಿಂದ ಆ ತಂತಿಯಲ್ಲಿ ಭಗವನ್ನಾಮ ಸ್ಮರಣೆ ನಿಷಿದ್ಧ.

ನಾಲ್ಕನೆಯ ದಿನ, ಗುರುವಾರ, ಪೂರ್ತಿ ತಾಲೀಮು. ಸ್ವಿಚ್ಚಿನಿಂದ ಒಂದು ನೀಲಿ ತಂತಿ ಗೋಡೆಯ ಕಡೆಗೆ ಹೋಗಿರುವುದು ಅಂದು ನನ್ನ ಕಣ್ಣಿಗೆ ಬಿತ್ತು. ಅದು ಕಾಲೇಜಿನ ನೆಟ್‌ವರ್ಕಿಗೆ ಸೇರುವ ತಂತಿ. ಕಚೇರಿಯ ಸಂಬಳದ ಪಟ್ಟಿ, ಗ್ರಂಥಾಲಯದಲ್ಲಿ ಹುಡುಗರು ನೋಡುವ ಸಿನಿಮಾ, ಎಲ್ಲವೂ ಹರಿಯುವ ಚರಂಡಿಗೆ ನನ್ನ ಗದಾಯುದ್ಧವನ್ನು ಜೋಡಿಸಿದ್ದಾನಲ್ಲ ಎಂದು ಅಸಮಾಧಾನವಾಯಿತು. ಇಂಟರ್‌ಕಾಂ ನೆಟ್‌ವರ್ಕನ್ನು ಪ್ರತ್ಯೇಕವಾಗಿ ಇಡಬೇಕೆಂದು ಬಾಡಿಗೆಯವರು ಕೊಟ್ಟ ಪುಸ್ತಕದಲ್ಲಿಯೂ ಓದಿದ್ದೆ. ಹುಡುಗ ಚಹಾ ಕುಡಿಯಲು ಹೋಗಿದ್ದ. ನಾನೇ ಬಗ್ಗಿ ತಂತಿಯನ್ನು ಕಿತ್ತೆ. ಪೆಟ್ಟಿಗೆಗಳೆಲ್ಲ ಮೊದಲಿನಂತೆಯೇ ಮಾತನಾಡಿದವು. ಎಷ್ಟು ಸುಲಭ, ಇವರೆಲ್ಲ ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡು ತಾಲೀಮು ಆರಂಭಿಸಿದೆ. ಅಂದು ಸರೋವರದ ದೃಶ್ಯವೇ ಮೊದಲು.

"ನೆಲಬಾಗಿಲು, ಸ್ಟ್ಯಾಂಡ್‌ಬೈ" ಎಂದೆ. "ಸಿದ್ಧ ಸಾರ್‌" ಎಂದರು ಕೆಳಗಿನವರು. ಭೀಮ ಗರ್ಜಿಸುತ್ತಿದ್ದ. ಬಿ.ಕಾಂ. ಹುಡುಗ, ಒಳ್ಳೆಯ ಕಂಠ. ಮೈಮರೆತು ಇನ್ನೂ ಮುಚ್ಚಳದ ಮೇಲೆಯೇ ಇದ್ದಾನೆ. "ತಡೆಯಿರಿ, ಇನ್ನೂ ಸರಿದಿಲ್ಲ" ಎಂದೆ. ಉತ್ತರವಿಲ್ಲ. "ಕೆಳಗೆ ಕೇಳಿಸಿತೇ?" ಉತ್ತರವಿಲ್ಲ. ಕೆಳಗೆ ಆ ಹುಡುಗರ ಕಿವಿಯಲ್ಲಿಯೂ ಹಾಗೆಯೇ ಮೌನ. ಸಿದ್ಧರಾಗಿ ಎಂದ ಮೇಲೆ ಇಷ್ಟು ಹೊತ್ತಾಯಿತು, ಮೇಷ್ಟರು "ಗೋ" ಎಂದದ್ದು ನಮಗೇ ಕೇಳಿಸಲಿಲ್ಲವೇನೋ ಎಂದುಕೊಂಡು ಅವರು ಮುಚ್ಚಳವನ್ನು ಜಾರಿಸಿದರು.

ಭೀಮನ ಒಂದು ಕಾಲು ಗಟ್ಟಿನೆಲದ ಮೇಲಿತ್ತು, ಇನ್ನೊಂದು ಇರಲಿಲ್ಲ. ಗದೆ ಮೊದಲು ಬಿತ್ತು. ಅವನು ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಅವನ ಕೂಗು ಗರ್ಜನೆಯೆಂದು ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನಾನು ಕುರ್ಚಿಗಳ ನಡುವೆ ಹೇಗೆ ಓಡಿದೆನೆಂಬುದು ನೆನಪಿಲ್ಲ. ಮೇಲೆತ್ತಿ ಕೂರಿಸಿದಾಗ ಪಾದದ ಗಿಣ್ಣು ಊದಿಕೊಳ್ಳುತ್ತಿತ್ತು, ಮೊಣಕಾಲು ತರಚಿತ್ತು. ಅಷ್ಟರಲ್ಲಿ ಹೋಯಿತು. ಏಳು ಅಡಿಯ ಕೆಳಗೆ ಕಬ್ಬಿಣದ ತಿರುಗಣೆಯಿತ್ತು ಎಂಬುದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಭಯಕ್ಕೆ ಒಂದು ಕೆಟ್ಟ ಗುಣವಿದೆ. ಅದು ಕೂಡಲೇ ಕೋಪದ ವೇಷ ಹಾಕಿಕೊಳ್ಳುತ್ತದೆ. ಚಹಾ ಕುಡಿದು ಬಂದು ಬಾಗಿಲಲ್ಲಿ ನಿಂತಿದ್ದ ಕಂಪ್ಯೂಟರ್‌ ಹುಡುಗನನ್ನು ಮೂವತ್ತು ಮಂದಿಯ ಎದುರಿಗೆ ಕರೆದು, "ಒಬ್ಬನ ಪ್ರಾಣ ಹೋಗುತ್ತಿತ್ತು. ಇದೇನಾ ನಿನ್ನ ವಿದ್ಯೆ?" ಎಂದೆ. ಇನ್ನೂ ಏನೇನೋ ಅಂದೆ. ಸಾಹಿತ್ಯ ಓದಿದವನ ಬಾಯಲ್ಲಿ ಬೈಗುಳಕ್ಕೆ ವಿಶೇಷಣಗಳು ಕಡಿಮೆಯಾಗುವುದಿಲ್ಲ. ಅವನು ನೆಲವನ್ನೇ ನೋಡುತ್ತಿದ್ದ. ಉತ್ತರ ಕೊಡಲಿಲ್ಲ.

ಭೀಮನನ್ನು ವೈದ್ಯರಿಗೆ ತೋರಿಸಿ, ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಂಡು, ಅವನ ತಾಯಿಯ ಮುಂದೆ ತಲೆತಗ್ಗಿಸಿ ನಿಂತು, ರಾತ್ರಿ ಒಂಬತ್ತಕ್ಕೆ ಕಾಲೇಜಿಗೆ ಮರಳಿದೆ. ಸಭಾಂಗಣದಲ್ಲಿ ಒಂದು ದೀಪ ಉರಿಯುತ್ತಿತ್ತು. ರಂಗದ ಅಂಚಿನಲ್ಲಿ ಆ ಹುಡುಗ ಕಾಲು ಇಳಿಬಿಟ್ಟು ಕುಳಿತು, ಕಿವಿಗೊಂದು ಹೆಡ್‌ಸೆಟ್ಟು ಹಾಕಿಕೊಂಡು, ಗಡಿಯಾರ ನೋಡುತ್ತಿದ್ದ.

"ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಸಾರ್‌" ಎಂದ, ನಡುವೆ ಏನೂ ಆಗಿಲ್ಲವೆಂಬಂತೆ. "ಪೆಟ್ಟಿಗೆ ಆರಿಸಿ ಹಾಕಿದರೆ ಸರಿಹೋಗುತ್ತೆ. ಮತ್ತೆ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಸತ್ತುಹೋಗುತ್ತೆ. ಐದು ಸಲ ನೋಡಿದೆ."

ಕಾರಣವೇನೆಂದು ಕೇಳಿದೆ. ಅವನು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಒಬ್ಬನ ಮಾತು ಹಲವರಿಗೆ ಹೋಗಬೇಕಾದರೆ ಮೂರು ದಾರಿ. ಒಬ್ಬೊಬ್ಬರಿಗೂ ಬೇರೆಬೇರೆ ಕಾಗದ ಬರೆಯುವುದು ಒಂದು, ತಂತಿ ತುಂಬಿಹೋಗುತ್ತದೆ. ಬೇಕಾದವರಿಗೂ ಬೇಡದವರಿಗೂ ಡಂಗುರ ಸಾರುವುದು ಇನ್ನೊಂದು, ಊರೇ ಕಿವುಡಾಗುತ್ತದೆ. ಮೂರನೆಯದು ನಾವು ನೀವು ವಾರಪತ್ರಿಕೆ ತರಿಸುವ ಕ್ರಮ: ಚಂದಾದಾರರಿಗೆ ಮಾತ್ರ ಹಂಚುವುದು. ನಮ್ಮ ಪೆಟ್ಟಿಗೆಗಳು ಈ ಮೂರನೆಯ ದಾರಿಯವು. ಚಾಲೂ ಆದೊಡನೆ ಪ್ರತಿಯೊಂದು ಪೆಟ್ಟಿಗೆಯೂ "ಈ ಗುಂಪಿನ ಮಾತು ನನಗೂ ಬೇಕು" ಎಂದು ಸ್ವಿಚ್ಚಿಗೆ ತಿಳಿಸುತ್ತದೆ. ಸ್ವಿಚ್ಚು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆದರೆ ಚಂದಾದಾರ ಮನೆ ಬಿಟ್ಟುಹೋಗಿರಬಹುದಲ್ಲ? ಆದ್ದರಿಂದ ಒಬ್ಬ ಏಜೆಂಟನಿರುತ್ತಾನೆ. ಅವನು ೧೨೫ ಸೆಕೆಂಡಿಗೊಮ್ಮೆ "ಯಾರಿಗೆ ಯಾವುದು ಬೇಕು? ಇದ್ದೀರಾ?" ಎಂದು ಎಲ್ಲರನ್ನೂ ಕೇಳುತ್ತಾನೆ. ಹತ್ತು ಸೆಕೆಂಡಿನೊಳಗೆ ಉತ್ತರಿಸಬೇಕು. ಒಂದು ಪ್ರಶ್ನೆ ತಪ್ಪಿಹೋದರೆ ಕ್ಷಮೆಯುಂಟು. ಎರಡು ಸರದಿ ಕಳೆದು ಮೇಲೆ ಹತ್ತು ಸೆಕೆಂಡಾದರೂ ಸದ್ದಿಲ್ಲದಿದ್ದರೆ ಹೆಸರು ಹೊಡೆದುಹಾಕಲಾಗುತ್ತದೆ. ೧೨೫ರ ಎರಡರಷ್ಟು, ಅದಕ್ಕೆ ಹತ್ತು: ೨೬೦ ಸೆಕೆಂಡು. ಎಂದರೆ ನಾಲ್ಕು ನಿಮಿಷ ಇಪ್ಪತ್ತು. ಈ ಏರ್ಪಾಡಿನ ಮೂಲರೂಪವನ್ನು ೧೯೮೯ರಲ್ಲಿ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದ ಸ್ಟೀವ್‌ ಡೀರಿಂಗ್‌ ಎಂಬುವರು ಬರೆದಿಟ್ಟರಂತೆ.

ಆ ಏಜೆಂಟನಿಗೆ ಇಂಗ್ಲಿಷಿನಲ್ಲಿ ಕ್ವೆರಿಯರ್‌ ಎನ್ನುತ್ತಾರೆಂದು ಹುಡುಗ ಹೇಳಿದಾಗ ನನಗೆ ಥಟ್ಟನೆ ಅಷ್ಟಾವಧಾನ ನೆನಪಾಯಿತು. ಅಲ್ಲಿ ಅವಧಾನಿಯ ಸುತ್ತ ಕುಳಿತು ಪ್ರಶ್ನೆ ಹಾಕುವವರನ್ನು ಪೃಚ್ಛಕರೆನ್ನುತ್ತೇವೆ. ಪೃಚ್ಛಕರಿಲ್ಲದಿದ್ದರೆ ಎಂಥ ಅವಧಾನಿಯಾದರೂ ಸುಮ್ಮನೆ ಕುಳಿತಿರಬೇಕು. ನಮ್ಮ ಸಭೆಯಲ್ಲಿ ಎಂಟು ಮಂದಿ ಕಿವಿ ನೆಟ್ಟು ಕುಳಿತಿದ್ದರು. ಇದ್ದೀರಾ ಎಂದು ಕೇಳುವವನೊಬ್ಬನಿರಲಿಲ್ಲ. ಕೇಳುವವನಿಲ್ಲದ್ದರಿಂದ ಅವರು ಹೇಳಲಿಲ್ಲ. ಹೇಳದ್ದರಿಂದ ಸ್ವಿಚ್ಚು ಅವರೆಲ್ಲ ಎದ್ದುಹೋದರೆಂದು ತಿಳಿಯಿತು. ಪಟ್ಟಿ ಖಾಲಿಯಾದರೆ ಎಲ್ಲರಿಗೂ ಸುರಿದುಬಿಡುವ ಉದಾರಿ ಸ್ವಿಚ್ಚುಗಳೂ ಉಂಟಂತೆ. ನಮ್ಮದು ಯಾರಿಗೂ ಕೊಡದ ಜಾತಿ.

"ಹಾಗಾದರೆ ಮೂರು ದಿನ ಹೇಗೆ ನಡೆಯಿತು?" ಎಂದು ಕೇಳಿದೆ.

"ಕಾಲೇಜಿನ ರೂಟರು ಕೇಳ್ತಾ ಇತ್ತು ಸಾರ್‌. ಅದನ್ನೇ ನಂಬಿಕೊಂಡಿದ್ದೆ. ಪ್ರದರ್ಶನದ ದಿನ ಆ ತಂತಿ ತೆಗೆದು, ನಮ್ಮ ಸ್ವಿಚ್ಚಿಗೇ ಆ ಕೆಲಸ ಒಪ್ಪಿಸಬೇಕು ಅಂದುಕೊಂಡಿದ್ದೆ. ಇವತ್ತು ಯಾರೋ..." ಎಂದು ನಿಲ್ಲಿಸಿದ.

ನೀಲಿ ತಂತಿ ಗೋಡೆಯ ಪಕ್ಕದಲ್ಲಿ, ನಾನು ಎಸೆದಲ್ಲಿಯೇ, ಸುರುಳಿಯಾಗಿ ಬಿದ್ದಿತ್ತು.

"ಯಾರೋ ಅಲ್ಲಪ್ಪ, ನಾನು" ಎಂದೆ.

ಅವನು ನನ್ನ ಮುಖವನ್ನು ಒಮ್ಮೆ ನೋಡಿದ. ಅವನಿಗೆ ಮೊದಲೇ ತಿಳಿದಿತ್ತೋ ಏನೋ. ಕೇಳುವ ಧೈರ್ಯ ನನಗಾಗಲಿಲ್ಲ. ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡು ಎರಡೂ ಸ್ವಿಚ್ಚುಗಳಲ್ಲಿ ಪೃಚ್ಛಕನ ಕೆಲಸಕ್ಕೆ ಟಿಕ್ಕು ಹಾಕಿದ. ಇಬ್ಬರಿದ್ದರೆ ಜಗಳವಾಗುವುದಿಲ್ಲವೇ ಎಂದೆ. ಇಲ್ಲವಂತೆ, ಯಾರ ವಿಳಾಸದ ಸಂಖ್ಯೆ ಚಿಕ್ಕದೋ ಅವನು ಕೇಳುತ್ತಾನೆ, ಇನ್ನೊಬ್ಬ ಸುಮ್ಮನಿರುತ್ತಾನೆ, ಮೊದಲಿನವನು ಸತ್ತರೆ ಎರಡನೆಯವನು ವಹಿಸಿಕೊಳ್ಳುತ್ತಾನೆ. ನಮ್ಮ ವಿಭಾಗದಲ್ಲಿ ಹಿರಿತನದ ಪಟ್ಟಿಗಾಗಿ ನಡೆದ ವ್ಯಾಜ್ಯವನ್ನು ಬಲ್ಲವನಾದ ನನಗೆ ಈ ಏರ್ಪಾಡು ಬಹಳ ನಾಗರಿಕವಾದದ್ದೆನಿಸಿತು.

ಆಮೇಲೆ ಅವನು ನೆಲಬಾಗಿಲ ಕೆಳಗಿಳಿದ. ನಾನು ಹಿಂದಿನ ಮೇಜಿಗೆ ಹೋದೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಎಷ್ಟು ದೀರ್ಘವೆಂಬುದು, ತಪ್ಪು ಮಾಡಿದವನು ಕತ್ತಲಲ್ಲಿ ಕುಳಿತಾಗ ತಿಳಿಯುತ್ತದೆ. ನಾಲ್ಕು ಕಳೆಯಿತು. ಐದು ಕಳೆಯಿತು. "ಕೇಳಿಸ್ತಾ ಇದೆಯಾ ಸಾರ್‌?" ಎಂಬ ಧ್ವನಿ ಕಿವಿಯ ಪಕ್ಕದಲ್ಲೇ ಬಂತು. "ಕೇಳಿಸುತ್ತಿದೆ" ಎಂದೆ. ಅಲ್ಲಿಯೇ ಕ್ಷಮೆ ಕೇಳಿಬಿಡಬಹುದಾಗಿತ್ತು. ಇಬ್ಬರೇ ಇದ್ದೆವು, ಸುಲಭವಾಗುತ್ತಿತ್ತು. ಆದರೆ ಮೂವತ್ತು ಮಂದಿಯ ಮುಂದೆ ಅಂದದ್ದನ್ನು ಏಕಾಂತದಲ್ಲಿ ಹಿಂತೆಗೆದುಕೊಳ್ಳುವುದು ನ್ಯಾಯವಲ್ಲವೆನಿಸಿತು. ಮನೆಗೆ ಬಂದು ನನ್ನಾಕೆಗೆ ಹೇಳಿದಾಗ ಆಕೆ, "ನಾಳೆ ಮರೆಯಬೇಡಿ" ಎಂದಷ್ಟೇ ಹೇಳಿದಳು. ನನ್ನ ಮರೆವು ಯಾವ ವಿಷಯದಲ್ಲಿ ಚುರುಕಾಗುತ್ತದೆಂಬುದು ಆಕೆಗೆ ಗೊತ್ತು.

ಮರುದಿನ ತಾಲೀಮಿಗೆ ಮುನ್ನ ಎಲ್ಲರನ್ನೂ ರಂಗದ ಮೇಲೆ ಕೂರಿಸಿ, ತಂತಿಯನ್ನು ಕಿತ್ತವನು ನಾನೇ, ಅವನ ತಪ್ಪು ಎಳ್ಳಷ್ಟೂ ಇಲ್ಲ, ಬೈದದ್ದಕ್ಕೆ ಕ್ಷಮಿಸಬೇಕು ಎಂದೆ. ಎರಡು ವಾಕ್ಯ. ಹೇಳುವಾಗ ನನ್ನ ಗಂಟಲು ಒಣಗಿದ್ದನ್ನು ಯಾರೂ ಗಮನಿಸಲಿಲ್ಲವೆಂದುಕೊಂಡಿದ್ದೇನೆ. ಹುಡುಗ ಕೆಂಪಗಾಗಿ, "ನಾನೂ ತಂತಿಗೆ ಚೀಟಿ ಅಂಟಿಸಬೇಕಿತ್ತು ಸಾರ್‌" ಎಂದ. ಈಗ ನಮ್ಮ ಸಭಾಂಗಣದಲ್ಲಿ ಪ್ರತಿಯೊಂದು ತಂತಿಗೂ ಅವನ ದುಂಡಕ್ಷರದ ಚೀಟಿಯಿದೆ. ನೀಲಿಯದರ ಮೇಲೆ "ಕೇಳದೆ ಕೀಳಬಾರದು" ಎಂದಿದೆ. ಪ್ರಾಸ ಅವನದೇ.

ತಾಲೀಮು ನೋಡಲು ಮಾವನವರೂ ಬಂದಿದ್ದರು. ನಡೆದದ್ದನ್ನೆಲ್ಲ ಕೇಳಿ, "ಯಂತ್ರ ಸರಿಹೋಯಿತು, ಸಂತೋಷ. ಆದರೆ ಆ ಹುಡುಗರು ಸದ್ದಿಲ್ಲದಾಗ ಮುಚ್ಚಳ ತೆಗೆದದ್ದೇಕೆ? ಅದು ಯಂತ್ರದ ತಪ್ಪಲ್ಲವಲ್ಲಪ್ಪ" ಎಂದರು. ನಾನು ನಿರುತ್ತರನಾದೆ. ಅಂದು ಹೊಸ ಕಟ್ಟಳೆ ಹಾಕಿದೆವು. ನಾನು ಸ್ಟ್ಯಾಂಡ್‌ಬೈ ಎಂದರೆ ಕೆಳಗಿನವರು "ಸಿದ್ಧ" ಎನ್ನಬೇಕು. "ಗೋ" ಎಂಬುದನ್ನು ಕಿವಿಯಾರೆ ಕೇಳದೆ ಏನನ್ನೂ ಮಾಡಕೂಡದು. ಕಿವಿಯಲ್ಲಿ ಮೌನವಿದ್ದರೆ ಕೈ ಕಟ್ಟಿಕೊಂಡು ನಿಲ್ಲಬೇಕು. ದೃಶ್ಯ ಕೆಟ್ಟರೂ ಚಿಂತೆಯಿಲ್ಲ, ನಾನು ಹೇಳುವ ತನಕ ಇದ್ದಲ್ಲಿಂದ ಅಲುಗಕೂಡದು. ತಂತಿಯನ್ನೇ ನಂಬದ ಬೇರೊಂದು ಏರ್ಪಾಡೂ ಇರಲೆಂದು, ನನ್ನ ಮೇಜಿನ ಗುಂಡಿಯಿಂದ ಉರಿಯುವ ಒಂದು ಕೆಂಪು ಬಲ್ಬನ್ನು ಕೆಳಗೆ ಕಟ್ಟಿಸಿದೆ. ಅದಕ್ಕೆ ಬೇಕಾದ ಸ್ವಿಚ್ಚು ಮೂವತ್ತು ರೂಪಾಯಿಯದೇ.

ಶನಿವಾರ ಸಭಾಂಗಣ ತುಂಬಿತ್ತು. ಭೀಮ ಪಾದಕ್ಕೆ ಪಟ್ಟಿ ಸುತ್ತಿಸಿಕೊಂಡು, ಅದರ ಮೇಲೆ ಗೆಜ್ಜೆ ಕಟ್ಟಿಕೊಂಡು ಬಂದ. ಕುಂಟಿದ್ದು ಯಾರಿಗೂ ತಿಳಿಯಲಿಲ್ಲ. ಹದಿನೆಂಟು ದಿನ ಯುದ್ಧ ಮಾಡಿದವನು ಕುಂಟದೆ ಇನ್ನೇನು ಎಂದುಕೊಂಡಿರಬೇಕು. ಅವನು ಗರ್ಜಿಸಿದ. ಒಂದು ಹೆಜ್ಜೆ ಹಿಂದೆ ಸರಿದ, ಎರಡು, ಮೂರು. "ನೆಲಬಾಗಿಲು?" "ಸಿದ್ಧ ಸಾರ್‌." "ಗೋ." ನೀಲಿ ಬೆಳಕಿನ ನಡುವೆ ಸರೋವರ ಬಾಯಿ ತೆರೆಯಿತು. ದುರ್ಯೋಧನನ ಕಿರೀಟ, ಹಣೆ, ಭುಜ ಒಂದೊಂದಾಗಿ ಮೇಲೆದ್ದವು. ಹಣೆಯ ಮೇಲೆ ಬೆವರು ಫಳಫಳನೆ ಹೊಳೆಯುತ್ತಿತ್ತು. ಕೆಳಗಿನ ಕೋಣೆಗೆ ಫ್ಯಾನಿಲ್ಲವೆಂಬುದು ರನ್ನನಿಗೆ ಅನುಕೂಲವಾಗಿಯೇ ಪರಿಣಮಿಸಿತು.

ನಾಟಕ ಮುಗಿದು, ವಂದನಾರ್ಪಣೆಯಾಗಿ, ಜನ ಹೊರಟರು. ಭೀಮನ ತಾಯಿ ನನ್ನ ಬಳಿಗೆ ಬಂದು ಏನೂ ಹೇಳದೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಹೋದರು. ಕುರ್ಚಿಗಳನ್ನು ಮಡಿಚುತ್ತಿದ್ದರು. ಮಾವನವರು ನಿಧಾನವಾಗಿ ನನ್ನ ಮೇಜಿನ ಹತ್ತಿರ ಬಂದು, ಹೆಡ್‌ಸೆಟ್ಟನ್ನು ಕೈಗೆತ್ತಿಕೊಂಡು, ಹಿಂದುಮುಂದು ತಿರುಗಿಸಿ ನೋಡಿ, ಕಿವಿಗೆ ಹಾಕಿಕೊಂಡರು.

"ಯಾರಾದರೂ ಇದ್ದೀರೇನಪ್ಪಾ?" ಎಂದು ತಮಾಷೆಗೆ ಕೇಳಿದರು.

ಮರುಕ್ಷಣವೇ ಅವರ ಮುಖದ ಬಣ್ಣ ಬದಲಾಯಿತು. ಹೆಡ್‌ಸೆಟ್ಟನ್ನು ನನ್ನ ಕಡೆಗೆ ಚಾಚಿದರು. ಕಿವಿಗಿಟ್ಟುಕೊಂಡೆ. ನೆಲದ ಕೆಳಗಿನಿಂದ ಬಹಳ ವಿನಯದ ಒಂದು ಧ್ವನಿ ಬರುತ್ತಿತ್ತು:

"ಮೂವರೂ ಇಲ್ಲೇ ಇದ್ದೀವಿ ಸಾರ್‌. ತುಂಬ ಸೆಕೆ. ಇನ್ನು ಮೇಲಕ್ಕೆ ಬರಬಹುದಾ?"